ಮನೆಯೊಳಗಿನ ರೈಲುದಾರಿ ಮತ್ತು ಮನಸ್ಸಿನ ಆರೋಗ್ಯ

ಮುಂಬಯಿ, ಪುಣೆ, ನಾಸಿಕಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ವೇರೂಳಿಗೆ ಹೋಗಿಬರುವುದು ಒಂದು ಬಗೆಯ ಯಾತ್ರೆಯೇ ಸರಿ. ರಾಷ್ಟ್ರಕೂಟರ ಒಂದನೆಯ ಕೃಷ್ಣನು ಎಂಟನೆಯ ಶತಮಾನದಲ್ಲಿ ಅಲ್ಲಿನ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿಸಿ ಕೈಲಾಸ ದೇವಾಲಯವನ್ನು ರೂಪಿಸಿದನೆಂಬ ಸಂಗತಿಯನ್ನು ಅರಿಯದವರು ವಿರಳ. ಆ ದೇವಾಲಯಕ್ಕೂ ಅದಕ್ಕಿಂತ ಕೆಲವೇ ದಶಕಗಳ ಹಿಂದೆ ಕಟ್ಟಿದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯಕ್ಕೂ ಇರುವ ನಿಕಟ ಹೋಲಿಕೆಯನ್ನು ವಿದ್ವಾಂಸರು ಗುರುತಿಸಿದ್ದಾರೆ. ಶಿಖರವನ್ನು ತಲೆಯೆತ್ತಿ ನೋಡಿದವರಿಗೆ ಇನ್ನೊಂದು ವಿಶೇಷವೂ ಕಾಣುತ್ತದೆ. ಪ್ರತಿಯೊಂದು ಅಂತಸ್ತಿನಲ್ಲೂ ಸಾಲಾಗಿ ನಿಂತಿರುವ ಅಲಂಕಾರಗಳು ವಾಸ್ತವದಲ್ಲಿ ಪುಟ್ಟ ಪುಟ್ಟ ಗುಡಿಗಳೇ ಆಗಿವೆ. ದೊಡ್ಡದನ್ನು ಪ್ರಮಾಣ ತಪ್ಪದೆ ಚಿಕ್ಕದಾಗಿ ಮಾಡಿ ನಿಲ್ಲಿಸುವ ವಿದ್ಯೆ ಕನ್ನಡ ನಾಡಿನ ಶಿಲ್ಪಿಗಳಿಗೆ ಹೊಸತಾಗಿರಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ವೇರೂಳಿಗೆ ರೈಲಿಲ್ಲ. ಯಾತ್ರಿಕರು ಛತ್ರಪತಿ ಸಂಭಾಜಿನಗರದಲ್ಲಿ (ಹಿಂದಿನ ಔರಂಗಾಬಾದ್) ಇಲ್ಲವೇ ಅದಕ್ಕಿಂತ ಮೊದಲೇ ಸಿಗುವ ದೌಲತಾಬಾದಿನಲ್ಲಿ ಇಳಿದು ರಸ್ತೆಯ ದಾರಿ ಹಿಡಿಯಬೇಕು. ಈ ರೈಲುದಾರಿಗೂ ಒಂದು ಚರಿತ್ರೆಯಿದೆ. ಮನಮಾಡಿನಿಂದ ಹೊರಟು ದೌಲತಾಬಾದಿನ ಕೋಟೆಯ ಬಳಿ ಹಾದು ಸಿಕಂದರಾಬಾದಿನವರೆಗೆ ಸಾಗುವ ಇದನ್ನು ನಿಜಾಮನ ಆಳ್ವಿಕೆಯಲ್ಲಿ, 1900ರ ಸುಮಾರಿಗೆ, ಮೀಟರ್ ಗೇಜಿನಲ್ಲಿ ಹಾಕಲಾಯಿತು. ಮುಂದೆ ಇದು ಬ್ರಾಡ್ ಗೇಜಾಯಿತು. 2023ರ ಡಿಸೆಂಬರಿನಲ್ಲಿ ಜಾಲನಾದಿಂದ ಮುಂಬಯಿಗೆ ವಂದೇ ಭಾರತ್ ರೈಲು ಇದೇ ದಾರಿಯಲ್ಲಿ ಆರಂಭವಾಯಿತು. ಉಗಿಬಂಡಿಯ ಸಿಳ್ಳು, ಮಸಿ ಹಿಡಿದ ನೀರಿನ ತೊಟ್ಟಿ, ಕೈಯಿಂದ ಎಳೆಯುವ ಸಿಗ್ನಲಿನ ಸನ್ನೆಕೋಲುಗಳು ಈಗ ನೆನಪಿನಲ್ಲಿ ಮಾತ್ರ ಉಳಿದಿವೆ.

ಹೀಗೆ ಕಣ್ಮರೆಯಾದ ಒಂದು ರೈಲುದಾರಿಯನ್ನು ಅದರ ನಿಲ್ದಾಣ, ಸೇತುವೆ, ಬೆಟ್ಟಗಳ ಸಹಿತ ಮನೆಯ ಕೋಣೆಯೊಂದರಲ್ಲಿ ಮರುಸೃಷ್ಟಿಸಿ, ಅದರ ಮೇಲೆ ವಿದ್ಯುತ್ತಿನಿಂದ ಓಡುವ ಪುಟ್ಟ ರೈಲುಗಳನ್ನು ವೇಳಾಪಟ್ಟಿಯಂತೆ ನಡೆಸುವ ಹವ್ಯಾಸವೊಂದಿದೆ. ಅದನ್ನು ಮಾದರಿ ರೈಲುದಾರಿ ಎನ್ನಬಹುದು. ನಿವೃತ್ತಿಯ ಅಂಚಿನಲ್ಲಿರುವವರೂ, ಮಹಾನಗರದ ಫ್ಲ್ಯಾಟುಗಳಲ್ಲಿ ಸಂಜೆಗಳನ್ನು ಹೇಗೆ ಕಳೆಯುವುದೆಂದು ಚಿಂತಿಸುವವರೂ ಈ ಹವ್ಯಾಸದ ಲಾಭವೇನು, ಶ್ರಮವೇನು, ಅಪಾಯವೇನು ಎಂಬುದನ್ನು ತಿಳಿದಿರುವುದು ಉಚಿತ. ಇದರ ನಿಜವಾದ ಫಲ ದೊರೆಯುವುದು ಕೊಂಡುಕೊಳ್ಳುವವರಿಗಿಂತ ಹೆಚ್ಚಾಗಿ ನಿತ್ಯ ನೋಡಿಕೊಳ್ಳುವವರಿಗೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹುಟ್ಟು ಮತ್ತು ಬೆಳವಣಿಗೆ

ರೈಲು ಹುಟ್ಟಿದ ಕೆಲಕಾಲದಲ್ಲೇ ಆಟಿಕೆಯ ರೈಲೂ ಹುಟ್ಟಿತು. ಜರ್ಮನಿಯ ಮಾರ್ಕ್ಲಿನ್ ಸಂಸ್ಥೆ 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ನಿಯತ ಅಳತೆಯ ಹಳಿಗಳ ಮೇಲೆ ಓಡುವ ಚಾವಿಯ ರೈಲನ್ನು ಪ್ರದರ್ಶಿಸಿತು. ಅಳತೆ ನಿಯತವಾದುದರಿಂದ ಇಂದು ಒಂದು ಡಬ್ಬಿ, ಮುಂದಿನ ವರ್ಷ ಇನ್ನೊಂದು ಕವಲು ಹಳಿ ಎಂದು ಸೇರಿಸುತ್ತ ಹೋಗುವುದು ಸಾಧ್ಯವಾಯಿತು. ಇಂಗ್ಲೆಂಡಿನಲ್ಲಿ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ತನ್ನ ಚಾವಿಯ ರೈಲುಗಳನ್ನು ಮಾರುಕಟ್ಟೆಗೆ ತಂದನು. 1930ರ ದಶಕದಲ್ಲಿ ಮೇಜಿನ ಮೇಲೆ ಹಿಡಿಸುವ ಚಿಕ್ಕ ಅಳತೆಯ ವಿದ್ಯುತ್ ರೈಲುಗಳು ಬಂದವು. ಅಂದಿನಿಂದ ಇದು ಮಕ್ಕಳ ಆಟವಾಗಿಯಷ್ಟೇ ಉಳಿಯದೆ ಹಿರಿಯರ ಹವ್ಯಾಸವೂ ಆಯಿತು. ಜರ್ಮನಿಯ ಹ್ಯಾಂಬರ್ಗಿನಲ್ಲಿ ಬ್ರೌನ್ ಎಂಬ ಅವಳಿ ಸಹೋದರರು 2001ರಲ್ಲಿ ತೆರೆದ ಮಿನಿಯಾಟೂರ್ ವುಂಡರ್‌ಲಾಂಡ್ ಇಂದು ಈ ಬಗೆಯಲ್ಲಿ ಜಗತ್ತಿನಲ್ಲೇ ಅತಿ ದೊಡ್ಡದು.

ಭಾರತದಲ್ಲಿ ಈ ಹವ್ಯಾಸ ಬಹುಕಾಲ ಕೆಲವರ ಸೊತ್ತಾಗಿತ್ತು. ಆಮದಿನ ನಿರ್ಬಂಧಗಳು ಬಿಗಿಯಾಗಿದ್ದ ದಿನಗಳಲ್ಲಿ ವಿದೇಶಕ್ಕೆ ಹೋಗಿಬಂದ ಬಂಧುಗಳ ಪೆಟ್ಟಿಗೆಯಲ್ಲಿ ಬಂದ ಒಂದು ಎಂಜಿನ್, ನಾಲ್ಕು ಡಬ್ಬಿಗಳೇ ಮನೆಯ ಭಾಗ್ಯ. 1991ರ ನಂತರ ಆರ್ಥಿಕ ನೀತಿ ಸಡಿಲಗೊಂಡಂತೆ ವಸ್ತುಗಳು ಸುಲಭವಾಗಿ ದೊರೆಯತೊಡಗಿದವು. ಈಚೆಗೆ ಭಾರತೀಯ ರೈಲಿನ ಎಂಜಿನು, ಡಬ್ಬಿಗಳ ಮಾದರಿಗಳನ್ನು ನಮ್ಮ ದೇಶದಲ್ಲೇ ಸಣ್ಣ ಪ್ರಮಾಣದಲ್ಲಿ ತಯಾರಿಸುವವರೂ ಇದ್ದಾರೆ.

ಆದರೆ ಇದರ ಬೇರು ನಮ್ಮ ಮನೆಗಳಲ್ಲಿ ಇಲ್ಲವೆಂದು ತಿಳಿಯಬೇಕಾಗಿಲ್ಲ. ಹಳೆಯ ಮೈಸೂರಿನ ಮನೆಗಳಲ್ಲಿ ನವರಾತ್ರಿಯ ಗೊಂಬೆಗಳ ಮೆಟ್ಟಿಲಿನ ಕೆಳಗೆ ರಾಗಿಯ ಪೈರು ಬೆಳೆಸಿ, ಕನ್ನಡಿಯ ಚೂರಿನಿಂದ ಕೆರೆ ಮಾಡಿ, ಊರು, ಉದ್ಯಾನ, ಮೃಗಾಲಯಗಳನ್ನು ಹೂಡುವ ಪದ್ಧತಿ ಇಂದಿಗೂ ಇದೆ. ಅದರ ಸುತ್ತ ಚಾವಿಯ ರೈಲು ಓಡಿಸದ ಹುಡುಗರು ಕಡಿಮೆ. ಮಹಾರಾಷ್ಟ್ರದ ಮಕ್ಕಳು ದೀಪಾವಳಿಯಲ್ಲಿ ಅಂಗಳದಲ್ಲಿ ಮಣ್ಣಿನ ಕೋಟೆ ಕಟ್ಟಿ ಶಿವಾಜಿ ಮಹಾರಾಜರ ಗೊಂಬೆಯನ್ನು ಅದರ ಮೇಲೆ ಕೂರಿಸುತ್ತಾರೆ. ಇಲ್ಲಿ ಬೆಳೆದ ಕನ್ನಡ ಮಕ್ಕಳು ಎರಡನ್ನೂ ಬಲ್ಲವರು. ಮಾದರಿ ರೈಲುದಾರಿ ಎಂದರೆ ವರ್ಷಕ್ಕೊಮ್ಮೆ ಬಿಚ್ಚಿಡದ ಗೊಂಬೆಯ ಹಬ್ಬ, ಮಳೆಗೆ ಕರಗದ ಮಣ್ಣಿನ ಕೋಟೆ ಎನ್ನಬಹುದು.

ಪುಣೆಯ ನಿದರ್ಶನ

ಮನೆಯ ಹವ್ಯಾಸವೊಂದು ಎಷ್ಟು ಎತ್ತರಕ್ಕೆ ಬೆಳೆಯಬಲ್ಲದೆಂಬುದಕ್ಕೆ ಪುಣೆಯ ಕೋಥರೂಡಿನಲ್ಲಿರುವ ಜೋಶಿಯವರ ಮಿನಿಯೇಚರ್ ರೈಲ್ವೆ ವಸ್ತುಸಂಗ್ರಹಾಲಯವೇ ನಿದರ್ಶನ. ಭಾವು ಜೋಶಿ ಎಂದು ಪ್ರಸಿದ್ಧರಾಗಿದ್ದ ಬಿ. ಎಸ್. ಜೋಶಿಯವರು ತಮ್ಮ ವೈಯಕ್ತಿಕ ಆಸಕ್ತಿಯಿಂದ ಸಂಗ್ರಹಿಸಿ ಕಟ್ಟಿದ ರೈಲುಗಳನ್ನು 1980ರ ದಶಕದಲ್ಲಿ ಸಾರ್ವಜನಿಕರಿಗೆ ಪ್ರದರ್ಶಿಸಿದರು. ಪ್ರದರ್ಶನಕ್ಕೆ ಕಟ್ಟುವುದು, ಮುಗಿದ ಮೇಲೆ ಬಿಚ್ಚುವುದು ಎಂಬ ಕಷ್ಟದಿಂದ ಪಾರಾಗಲು ಸ್ಥಿರವಾದ ಒಂದು ನಗರವನ್ನೇ ನಿರ್ಮಿಸಿದರು. ಅದು 1998ರ ಏಪ್ರಿಲ್ 1ರಂದು ಸಾರ್ವಜನಿಕರಿಗೆ ತೆರೆಯಿತು. ಬೇರೆ ಬೇರೆ ಬಗೆಯ ರೈಲುಗಳು, ಸಿಗ್ನಲುಗಳು, ವಾಹನಗಳು ಓಡುವ ಹೆದ್ದಾರಿ, ಸರ್ಕಸ್ಸಿನ ಡೇರೆ ಎಲ್ಲವೂ ಅಲ್ಲಿವೆ. ಕೋಣೆಯ ದೀಪ ಮಂಕಾದಂತೆ ಪುಟ್ಟ ನಗರದ ದೀಪಗಳು ಹತ್ತಿಕೊಳ್ಳುತ್ತವೆ.

ನೋಡಿದವರು ಮೆಚ್ಚುವುದು ಅಲ್ಲಿನ ಕೌಶಲವನ್ನು. ಆದರೆ ಅಧ್ಯಯನಕ್ಕೆ ಯೋಗ್ಯವಾದ ಸಂಗತಿ ಬೇರೆ. ಸ್ಥಾಪಕರು ಕಾಲವಾದ ಮೇಲೂ ಆ ರೈಲುಗಳು ನಿಂತಿಲ್ಲ. ಕುಟುಂಬದ ಮುಂದಿನ ತಲೆಮಾರಿನವರು ಅವನ್ನು ನಡೆಸಿಕೊಂಡು ಬಂದಿದ್ದಾರೆ. ಹಳಿ ಒರೆಸುವವರು, ತಂತಿ ಸರಿಪಡಿಸುವವರು, ಬಂದವರಿಗೆ ವಿವರಿಸುವವರು ಇದ್ದುದರಿಂದಲೇ ಅದು ಉಳಿದಿದೆ. ಎಷ್ಟೋ ಮನೆಗಳ ಮಾದರಿ ರೈಲುದಾರಿಗಳು ಕಟ್ಟಿದವನ ಕಣ್ಣು ಮಂಜಾದೊಡನೆ ಅಟ್ಟ ಸೇರಿ, ಕೊನೆಗೆ ಗುಜರಿಯವನ ಚೀಲ ಸೇರುವುದನ್ನು ಗಮನಿಸಿದರೆ ಈ ಮಾತಿನ ತೂಕ ತಿಳಿಯುತ್ತದೆ.

ಅಳತೆಯ ಲೆಕ್ಕ

ಆರಂಭಿಸುವ ಮುನ್ನ ಅಳತೆ ನಿರ್ಧಾರವಾಗಬೇಕು. ಹೆಚ್ಚು ಪ್ರಚಲಿತವಾಗಿರುವುದು ಎಚ್‌ಓ ಎಂಬ ಅಳತೆ. ಇದರಲ್ಲಿ ಎಲ್ಲವೂ ವಾಸ್ತವದ 87ನೆಯ ಒಂದು ಪಾಲು. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರು. ಇದಕ್ಕಿಂತ ಚಿಕ್ಕದು ಎನ್ ಅಳತೆ. ಅಲ್ಲಿ ಪ್ರಮಾಣ 160ನೆಯ ಒಂದು ಪಾಲು, ಹಳಿಗಳ ಅಂತರ 9 ಮಿಲಿಮೀಟರು. ನಮ್ಮ ರೈಲುಗಳ ಹಳೆಯ ನೀಲಿ ಡಬ್ಬಿ ಸುಮಾರು 21.3 ಮೀಟರು ಉದ್ದ. ಅದು ಎಚ್‌ಓದಲ್ಲಿ ಇಪ್ಪತ್ತನಾಲ್ಕೂವರೆ ಸೆಂಟಿಮೀಟರು, ಎನ್‌ದಲ್ಲಿ ಹದಿಮೂರು ಸೆಂಟಿಮೀಟರಿಗೆ ತುಸು ಹೆಚ್ಚು. ಹತ್ತು ಡಬ್ಬಿಗಳ ರೈಲು ಎಚ್‌ಓದಲ್ಲಿ ಎರಡೂವರೆ ಮೀಟರಿನಷ್ಟಾಗುವುದರಿಂದ ಫ್ಲ್ಯಾಟಿನ ಕೋಣೆಗೆ ಎನ್ ಅಳತೆಯೇ ಹಿತವೆಂಬುದು ಸ್ಪಷ್ಟ. ಆದರೆ ಚಿಕ್ಕದಾದಷ್ಟೂ ಕಣ್ಣಿಗೂ ಬೆರಳಿಗೂ ಆಯಾಸ ಹೆಚ್ಚು. ಐವತ್ತು ದಾಟಿದವರು ಈ ಎರಡನ್ನೂ ತೂಗಿ ನೋಡಬೇಕು.

ಭಾರತೀಯ ರೈಲನ್ನು ಮಾದರಿಯಾಗಿಟ್ಟುಕೊಳ್ಳುವವರಿಗೆ ಇನ್ನೊಂದು ತೊಡಕಿದೆ. ನಮ್ಮ ಬ್ರಾಡ್ ಗೇಜು 1676 ಮಿಲಿಮೀಟರು. ಅದನ್ನು 87ರಿಂದ ಭಾಗಿಸಿದರೆ 19 ಮಿಲಿಮೀಟರಿಗೂ ಹೆಚ್ಚು ಬರುತ್ತದೆ. 16.5 ಮಿಲಿಮೀಟರಿನ ಹಳಿ ಯೂರೋಪಿನ 1435 ಮಿಲಿಮೀಟರಿನ ಗೇಜಿಗೆ ಸರಿಹೊಂದುವಂಥದು. ಆದ್ದರಿಂದ ನಮ್ಮ ಎಂಜಿನುಗಳು ಆ ಹಳಿಯ ಮೇಲೆ ತುಸು ಇಕ್ಕಟ್ಟಾಗಿ ನಿಂತಂತೆ ತೋರುತ್ತವೆ. ಬಹುತೇಕ ಹವ್ಯಾಸಿಗಳು ಇದನ್ನು ಒಪ್ಪಿಕೊಂಡು ಮುಂದೆ ಸಾಗುತ್ತಾರೆ. ಮೀಟರ್ ಗೇಜಿನವರು ಈ ವಿಷಯದಲ್ಲಿ ಅದೃಷ್ಟವಂತರು. 12 ಮಿಲಿಮೀಟರಿನ ಹಳಿಯನ್ನು 87ರಿಂದ ಗುಣಿಸಿದರೆ 1044 ಮಿಲಿಮೀಟರು; ವ್ಯತ್ಯಾಸ ಕಣ್ಣಿಗೆ ಕಾಣುವಂಥದಲ್ಲ.

ಮೀಟರ್ ಗೇಜಿನ ಮಾತು ಬಂದಾಗ ಮಹಾನಗರದ ಹಿರಿಯ ಕನ್ನಡಿಗರ ಮನಸ್ಸು ಮೀರಜ್ ನಿಲ್ದಾಣಕ್ಕೆ ಓಡುವುದು ಸಹಜ. 1971ರಲ್ಲಿ ಪುಣೆ–ಮೀರಜ್ ದಾರಿ ಬ್ರಾಡ್ ಗೇಜಾದ ಮೇಲೆ 1990ರ ದಶಕದವರೆಗೂ ಮುಂಬಯಿಯಿಂದ ಊರಿಗೆ ಹೊರಟವರು ಮೀರಜ್‌ದಲ್ಲಿ ಇಳಿದು, ಟ್ರಂಕು, ಹಾಸಿಗೆ, ಮಕ್ಕಳನ್ನು ಎಣಿಸಿಕೊಂಡು, ಬೆಳಗಾವಿ–ಹುಬ್ಬಳ್ಳಿಯ ಕಡೆಯ ಮೀಟರ್ ಗೇಜಿನ ರೈಲನ್ನು ಏರುತ್ತಿದ್ದರು. ಆ ಓಟದ ಅನುಭವ ಈಗಿನ ಮಕ್ಕಳಿಗೆ ಹೇಳಿದರೆ ಅರ್ಥವಾಗುವುದಿಲ್ಲ, ತೋರಿಸಿದರೆ ಅರ್ಥವಾಗುತ್ತದೆ. ಹಳೆಯ ಡಬ್ಬಿಗಳ ನಿಜರೂಪ ನೋಡಬಯಸುವವರಿಗೆ 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯವೂ 2020ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಸಂಗ್ರಹಾಲಯವೂ ಉಪಯುಕ್ತ.

ಘಾಟಿಯೂ ಕೋಟೆಯೂ ಕೋಣೆಯಲ್ಲಿ

ಯಾವ ದಾರಿಯನ್ನು ಕಟ್ಟುವುದು? ಪೂರ್ಣ ದಾರಿಯನ್ನು ಕಟ್ಟಲಾಗದು. ಒಂದು ಕಿಲೋಮೀಟರು ಎಚ್‌ಓ ಅಳತೆಯಲ್ಲಿ ಹನ್ನೊಂದೂವರೆ ಮೀಟರು. ಮನಮಾಡಿನಿಂದ ದೌಲತಾಬಾದಿನವರೆಗೆ ಅಳತೆಗೆ ಸರಿಯಾಗಿ ಕಟ್ಟಹೊರಟರೆ ಹಳಿ ಮನೆಯನ್ನು ಬಿಟ್ಟು ಪಕ್ಕದ ಬಡಾವಣೆಯನ್ನೂ ದಾಟೀತು. ಆದ್ದರಿಂದ ಆಯ್ಕೆ ಅನಿವಾರ್ಯ. ಒಂದು ಜಂಕ್ಷನ್, ಒಂದು ಸಣ್ಣ ನಿಲ್ದಾಣ, ನಡುವೆ ಆ ಪ್ರದೇಶದ ಗುರುತು ಹಿಡಿಸುವ ಒಂದು ದೃಶ್ಯ ಇಷ್ಟಿದ್ದರೆ ಸಾಕು. ವೇರೂಳಿನ ಸುತ್ತಿನ ದಾರಿಗೆ ಇದು ಸುಲಭ. ಒಂದು ತುದಿಯಲ್ಲಿ ಮನಮಾಡ್, ಅಂಕಾಯಿ–ಟಂಕಾಯಿಯ ಜೋಡಿ ಬೆಟ್ಟಗಳು, ಇನ್ನೊಂದು ತುದಿಯಲ್ಲಿ ದೌಲತಾಬಾದಿನ ಪುಟ್ಟ ನಿಲ್ದಾಣ, ಅದರ ಹಿಂದೆ ದೇವಗಿರಿಯ ಕೋಟೆಯ ಕಡಿದಾದ ಶಂಕು. ಮಣ್ಣಿನ ಕೋಟೆ ಕಟ್ಟಿ ಅನುಭವವಿರುವ ಮೊಮ್ಮಗನಿಗೆ ಆ ಬೆಟ್ಟದ ಗುತ್ತಿಗೆ ಕೊಡಬಹುದು.

ನಾಸಿಕದ ಕಡೆಯವರಿಗೆ ಕಸಾರಾ–ಇಗತ್ಪುರಿಯ ಥಳ್ ಘಾಟಿ ಆಕರ್ಷಕ. 1865ರಲ್ಲಿ ತೆರೆದ ಆ ದಾರಿಯ ಏರು 37ಕ್ಕೆ ಒಂದರಂತೆ. ಅಲ್ಲಿ ರೈಲಿನ ಹಿಂದೆ ಎಂಜಿನುಗಳನ್ನು ಸೇರಿಸಿ ತಳ್ಳಿಸುವ ಪದ್ಧತಿಯಿದೆ. ರೈಲಿನವರು ಇವನ್ನು ಬ್ಯಾಂಕರ್ ಎನ್ನುತ್ತಾರೆ; ಸಾಲದ ಬದಲು ಭುಜ ಕೊಡುವ ಬ್ಯಾಂಕರುಗಳಿವು. ಹಿಂದೆ ಆ ಘಾಟಿಯಲ್ಲಿ ದುಡಿದ, ಏಡಿಯ ಹೆಸರಿನಿಂದ 'ಖೇಕಡಾ' ಎನಿಸಿಕೊಂಡ ವಿದ್ಯುತ್ ಎಂಜಿನೊಂದನ್ನು ಮುಂಬಯಿಯ ನೆಹರೂ ವಿಜ್ಞಾನ ಕೇಂದ್ರದಲ್ಲಿ ಇರಿಸಲಾಗಿದೆ. ಮನೆಯಲ್ಲಿ ಈ ಏರನ್ನು ಮಾಡಬಯಸುವವರು ಲೆಕ್ಕ ಹಾಕಬೇಕು. ಒಂದು ಹಳಿ ಇನ್ನೊಂದರ ಮೇಲೆ ಹಾಯಲು ಕನಿಷ್ಠ ಮೂರು ಅಂಗುಲ ಎತ್ತರ ಬೇಕು. 37ಕ್ಕೆ ಒಂದರಂತೆ ಮೂರು ಅಂಗುಲ ಏರಲು ಒಂಬತ್ತೂಕಾಲು ಅಡಿ ಉದ್ದ ಬೇಕು. ಹಾಗಾಗಿ ಕೋಣೆಯ ಗೋಡೆಯುದ್ದಕ್ಕೂ ಘಾಟಿಯೇ ಆಗುತ್ತದೆ.

ಸ್ಥಳದ ವಿಷಯದಲ್ಲಿ ನಿರಾಶೆ ಬೇಡ. ಎಂಟು ಅಡಿಗೆ ನಾಲ್ಕು ಅಡಿಯ ಒಂದು ಪ್ಲೈವುಡ್ ಹಲಗೆಯಲ್ಲಿ ಎಚ್‌ಓ ಅಳತೆಯ ಒಂದು ಸುತ್ತು ಹಿಡಿಸುತ್ತದೆ. ಅಷ್ಟೂ ಇಲ್ಲದವರು ಗೋಡೆಗೆ ತಗಲಿಸಿದ ಒಂದಡಿ ಅಗಲದ ಶೆಲ್ಫಿನ ಮೇಲೆ ಒಂದು ನಿಲ್ದಾಣವನ್ನಷ್ಟೇ ಕಟ್ಟಿ, ಡಬ್ಬಿಗಳನ್ನು ಜೋಡಿಸುವ, ಬಿಡಿಸುವ ಕೆಲಸದಲ್ಲೇ ಸಂತೋಷ ಪಡೆಯಬಹುದು. ಹಲಗೆಯ ಎತ್ತರ ನಿಂತವನ ಸೊಂಟಕ್ಕಿಂತ ಮೇಲಿರುವುದು ಬೆನ್ನಿಗೆ ಕ್ಷೇಮ. ಕೈಯಳತೆಗೆ ಮೀರಿದ ಜಾಗದಲ್ಲಿ, ಎಂದರೆ ಅಂಚಿನಿಂದ ಎರಡೂವರೆ ಅಡಿಗಿಂತ ಆಚೆ, ಹಳಿ ಹಾಕಬಾರದು. ಹಳಿ ತಪ್ಪುವ ಡಬ್ಬಿ ಸಾಮಾನ್ಯವಾಗಿ ಅಂಥ ಕಡೆಯೇ ಹಳಿ ತಪ್ಪುತ್ತದೆ.

ನಡೆಸುವ ಕ್ರಮ

ಹೊಸಬರ ಮೊದಲ ದೋಷ ವೇಗ. ಗಂಟೆಗೆ 60 ಕಿಲೋಮೀಟರು ಓಡುವ ರೈಲು ಎಚ್‌ಓ ಅಳತೆಯಲ್ಲಿ ಸೆಕೆಂಡಿಗೆ 19 ಸೆಂಟಿಮೀಟರು ಮಾತ್ರ ಸಾಗಬೇಕು. ಘಾಟಿಯಲ್ಲಿ ಅದರ ಅರ್ಧ. ಗೇಣಳತೆಯ ಈ ನಡಿಗೆಯಲ್ಲಿ ರೈಲನ್ನು ನಿಲ್ಲದಂತೆ, ಎಗರದಂತೆ ನಡೆಸುವುದೇ ವಿದ್ಯೆ. ಎರಡನೆಯ ದೋಷ ಗುರಿಯಿಲ್ಲದೆ ಸುತ್ತಿಸುವುದು. ಒಂದು ಸುತ್ತು ಕಣ್ಣಿಗೆ ಹಬ್ಬ, ಇಪ್ಪತ್ತು ಸುತ್ತು ಬೇಸರ. ಆದ್ದರಿಂದ ಅನುಭವಿಗಳು ವೇಳಾಪಟ್ಟಿ ಬರೆದಿಟ್ಟುಕೊಳ್ಳುತ್ತಾರೆ. ಮೇಲ್ ರೈಲು ಬರುವ ಮುನ್ನ ಸರಕಿನ ರೈಲನ್ನು ಪಕ್ಕದ ಹಳಿಗೆ ಸೇರಿಸಬೇಕು. ಹತ್ತಿಯ ಗೂಡ್ಸಿಗೆ ಎರಡು ಡಬ್ಬಿ ಜೋಡಿಸಬೇಕು. ಒಂದು ವಿಭಾಗದಲ್ಲಿ ಒಂದೇ ರೈಲು ಇರಬೇಕು. ಇಬ್ಬರು ಕುಳಿತರೆ ಇಬ್ಬರೂ ಸ್ಟೇಷನ್ ಮಾಸ್ತರರು. ಅಜ್ಜ ಮನಮಾಡ್, ಮೊಮ್ಮಗಳು ದೌಲತಾಬಾದ್.

ವಿದ್ಯುತ್ತಿನ ವ್ಯವಸ್ಥೆ ಎರಡು ಬಗೆಯದು. ಹಳೆಯ ಪದ್ಧತಿಯಲ್ಲಿ ಹಳಿಗೆ ಹರಿಸುವ 12 ವೋಲ್ಟಿನವರೆಗಿನ ನೇರ ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡಿ ವೇಗವನ್ನು ನಿಯಂತ್ರಿಸಲಾಗುತ್ತದೆ. ಒಂದು ವಿಭಾಗದಲ್ಲಿರುವ ಎಂಜಿನುಗಳೆಲ್ಲ ಒಟ್ಟಿಗೆ ಓಡುತ್ತವೆ. 1990ರ ದಶಕದಿಂದ ಹಬ್ಬಿದ ಡಿಸಿಸಿ ಪದ್ಧತಿಯಲ್ಲಿ ಹಳಿಯಲ್ಲಿ ವಿದ್ಯುತ್ತು ಸದಾ ಇರುತ್ತದೆ. ಪ್ರತಿ ಎಂಜಿನಿನೊಳಗಿನ ಪುಟ್ಟ ಡಿಕೋಡರಿಗೆ ಒಂದು ಸಂಖ್ಯೆಯಿದ್ದು, ಆ ಸಂಖ್ಯೆಗೆ ಬಂದ ಆಜ್ಞೆಯನ್ನು ಮಾತ್ರ ಅದು ಪಾಲಿಸುತ್ತದೆ. ಬ್ಯಾಂಕಿನಲ್ಲಿ ಒಂದೇ ಕೌಂಟರಿಗೆ ಬಂದ ಚೆಕ್ಕುಗಳು ತಮ್ಮ ತಮ್ಮ ಖಾತೆಗೆ ಸೇರುವಂತೆ. ಆರಂಭಕ್ಕೆ ಹಳೆಯ ಪದ್ಧತಿಯೇ ಅಗ್ಗ, ಸರಳ.

ನಿರ್ವಹಣೆ: ಹವ್ಯಾಸದ ಹೃದಯ

ಹಳಿಯ ಮೂಲಕ ಚಕ್ರಕ್ಕೆ, ಚಕ್ರದ ಮೂಲಕ ಮೋಟಾರಿಗೆ ವಿದ್ಯುತ್ತು ಹರಿಯಬೇಕು. ಈ ಸಂಪರ್ಕಕ್ಕೆ ಧೂಳು, ಎಣ್ಣೆ, ಸಣ್ಣ ಕಿಡಿಗಳಿಂದ ಹುಟ್ಟುವ ಕಪ್ಪು ಮಸಿ ಇವು ಪರಮ ಶತ್ರುಗಳು. ಮರಾಠವಾಡದ ಬೇಸಿಗೆಯ ಧೂಳನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಆಟ ಮುಗಿದೊಡನೆ ಹಳೆಯ ಹತ್ತಿಯ ಹಾಸುಗೆ ಬಟ್ಟೆಯನ್ನು ಮೇಲೆ ಹರಡುವುದೇ ಎಲ್ಲಕ್ಕಿಂತ ಅಗ್ಗದ ನಿರ್ವಹಣೆ. ವಾರಕ್ಕೊಮ್ಮೆ ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿ ಹಳಿಯ ತಲೆಯನ್ನು ಒರೆಸಬೇಕು. ಅದು ಬೇಗ ಹೊತ್ತಿಕೊಳ್ಳುವ ದ್ರವವಾದ್ದರಿಂದ ವಿದ್ಯುತ್ತನ್ನು ನಿಲ್ಲಿಸಿ ಒರೆಸಿ, ಪೂರ್ಣ ಆರಿದ ಮೇಲೆಯೇ ರೈಲು ಬಿಡಬೇಕು. ಉಪ್ಪುಕಾಗದದಿಂದ ಉಜ್ಜುವುದು ಸಲ್ಲದು. ಅದರಿಂದಾಗುವ ಗೀರುಗಳಲ್ಲಿ ಮುಂದೆ ಇಮ್ಮಡಿ ಮಸಿ ಕೂರುತ್ತದೆ.

ಹಳಿಯಷ್ಟೇ ಮುಖ್ಯವಾದುದು ಚಕ್ರ. ಪ್ಲಾಸ್ಟಿಕ್ ಚಕ್ರಗಳು ಲೋಹದ ಚಕ್ರಗಳಿಗಿಂತ ಬೇಗ ಕೊಳೆ ಕಟ್ಟಿ ಅದನ್ನು ಹಳಿಗೆ ಹಂಚುತ್ತವೆ. ಎಂಜಿನಿಗೆ ಎಣ್ಣೆ ಹಾಕುವಾಗ ಧಾರಾಳತನ ಕೂಡದು. ಪ್ಲಾಸ್ಟಿಕ್ಕನ್ನು ಕೆಡಿಸದ ಎಣ್ಣೆ ಸೂಜಿಯ ಮೊನೆಯಷ್ಟು ಸಾಕು. ಹೆಚ್ಚಾದ ಎಣ್ಣೆ ಹಳಿಗಿಳಿದು ಧೂಳನ್ನು ಕರೆಯುತ್ತದೆ. ಅಚ್ಚಿಗೆ ಸುತ್ತಿಕೊಂಡ ತಲೆಗೂದಲು, ಕಾರ್ಪೆಟ್ಟಿನ ನೂಲುಗಳನ್ನು ಚಿಮಟದಿಂದ ತೆಗೆಯಬೇಕು. ರೈಲನ್ನು ನೆಲದ ಮೇಲೆ ಹೂಡಬಾರದೆನ್ನುವುದಕ್ಕೆ ಇದೂ ಒಂದು ಕಾರಣ.

ರೈಲು ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರೆ ಕ್ರಮವಾಗಿ ಶೋಧಿಸಬೇಕು. ಮೊದಲು ಹಳಿ, ಬಳಿಕ ಚಕ್ರ, ಆಮೇಲೆ ಹಳಿಗಳನ್ನು ಕೂಡಿಸುವ ಜೋಡುಗಳು, ಕವಲು ಹಳಿಯ ನಾಲಿಗೆಗಳು, ಎಲ್ಲಕ್ಕೂ ಕೊನೆಗೆ ಮೋಟಾರು. ಮೊದಲೇ ಎಂಜಿನನ್ನು ಬಿಚ್ಚಿ ಕೂರುವವರು ಸಾಮಾನ್ಯವಾಗಿ ಒಂದು ದೋಷವನ್ನು ಎರಡು ಮಾಡುತ್ತಾರೆ. ಜೋಡುಗಳನ್ನೇ ನೆಚ್ಚಿದರೆ ದೂರದ ಹಳಿಗೆ ವಿದ್ಯುತ್ತು ಕ್ಷೀಣವಾಗಿ ತಲಪುತ್ತದೆ. ಪ್ರತಿ ಕೆಲವು ಅಡಿಗೊಮ್ಮೆ ಕೆಳಗಿನಿಂದ ಪ್ರತ್ಯೇಕ ತಂತಿ ಕೊಡುವುದು ಲೇಸು.

ಋತುಮಾನವೂ ಲೆಕ್ಕಕ್ಕೆ ಬರುತ್ತದೆ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹಳಿಗಳ ನಡುವೆ ತೆಳುವಾದ ಸಂದು ಬಿಡದಿದ್ದರೆ ಮೇ ತಿಂಗಳಲ್ಲಿ ಅವು ಬಾಗುತ್ತವೆ. ಹಲಗೆಯ ಎರಡೂ ಮೈಗೆ, ಅಂಚುಗಳಿಗೂ ಬಣ್ಣ ಬಳಿದು ತೇವವನ್ನು ತಡೆಯಬೇಕು. ಇಲಿ ತಂತಿಯ ಹೊದಿಕೆಯನ್ನು ಕಡಿಯುತ್ತದೆ. ಇರುವೆಗಳು ಕೃತಕ ಹುಲ್ಲಿಗೆ ಹಾಕಿದ ಅಂಟನ್ನು ಅರಸಿ ಬರುತ್ತವೆ. ಮಳೆಗಾಲ ಹಿಡಿಯುವ ಮುನ್ನ ಒಮ್ಮೆ, ಗೊಂಬೆಯ ಹಬ್ಬಕ್ಕೆ ಮುನ್ನ ಒಮ್ಮೆ ಸಂಪೂರ್ಣ ತಪಾಸಣೆ ಮಾಡುವುದು ಒಳ್ಳೆಯ ಪದ್ಧತಿ.

ಇದಕ್ಕೆಲ್ಲ ಒಂದು ಲೆಕ್ಕಪುಸ್ತಕ ಬೇಕು. ಪ್ರತಿ ಎಂಜಿನಿಗೂ ಒಂದು ಪುಟ: ಕೊಂಡ ದಿನ, ಬೆಲೆ, ಎಣ್ಣೆ ಹಾಕಿದ ದಿನ, ಕಂಡ ದೋಷ, ಮಾಡಿದ ದುರಸ್ತಿ. ಹಲಗೆಯ ಕೆಳಗಿನ ತಂತಿಗಳ ಬಣ್ಣ ಮತ್ತು ದಾರಿಯ ನಕ್ಷೆಯೂ ಅದರಲ್ಲಿರಬೇಕು. ಖರ್ಚಿಗೂ ಮಿತಿ ಬೇಕು. ತಿಂಗಳಿಗೆ ಇಷ್ಟೆಂದು ಮೊತ್ತ ನಿಗದಿಮಾಡಿ, ಅದರ ಐದರಲ್ಲಿ ಒಂದು ಪಾಲನ್ನು ಹೊಸ ವಸ್ತುವಿಗೆ ಮುಟ್ಟದೆ ದುರಸ್ತಿಗೆ ಕಾದಿರಿಸಿದರೆ ಸಂಸಾರಕ್ಕೂ ಹವ್ಯಾಸಕ್ಕೂ ಜಗಳವಿರದು. ಸವಕಳಿಯನ್ನು ಲೆಕ್ಕಕ್ಕೆ ಹಿಡಿಯದ ವ್ಯಾಪಾರ ಮೇಲ್ನೋಟಕ್ಕೆ ಲಾಭದಲ್ಲಿದ್ದರೂ ಒಳಗೆ ಸವೆಯುತ್ತಿರುತ್ತದೆ. ಈ ಮಾತು ದೇಹಕ್ಕೂ ಅನ್ವಯಿಸುತ್ತದೆ.

ಆರೋಗ್ಯಕ್ಕೆ ಲಾಭವೇನು?

ನಿವೃತ್ತಿಯ ಮರುದಿನ ಅನೇಕರನ್ನು ಕಾಡುವುದು ದೇಹದ ನೋವಿಗಿಂತಲೂ ತನಗಾಗಿ ಕಾಯುವ ಕೆಲಸವೊಂದೂ ಇಲ್ಲವೆಂಬ ಭಾವನೆ. ಮಕ್ಕಳು ಕಚೇರಿಗೆ, ಮೊಮ್ಮಕ್ಕಳು ಶಾಲೆಗೆ ಹೋದ ಬಳಿಕ ನಾಲ್ಕು ಗೋಡೆಗಳ ನಡುವೆ ಭಾಷೆ ಬಾರದ ನೆರೆಹೊರೆಯಲ್ಲಿ ಉಳಿಯುವ ಹಿರಿಯರ ಒಂಟಿತನ ಮಹಾನಗರದ ಮನೆಗಳಲ್ಲಿ ಅಪರೂಪವಲ್ಲ. ಇಂಥವರಿಗೆ ಇಂದು ಒರೆಸಬೇಕಾದ ಹಳಿ, ನಾಳೆ ಬೆಸೆಯಬೇಕಾದ ತಂತಿ ಇರುವುದೇ ಒಂದು ಔಷಧ. ಅಳೆಯುವುದು, ಯೋಜಿಸುವುದು, ಬೆರಳುಗಳಿಂದ ಸೂಕ್ಷ್ಮ ಕೆಲಸ ಮಾಡುವುದು, ದೋಷವನ್ನು ತರ್ಕದಿಂದ ಹುಡುಕುವುದು ಇವೆಲ್ಲ ಮನಸ್ಸನ್ನೂ ಕೈಯನ್ನೂ ಚುರುಕಾಗಿಡುತ್ತವೆ. ಮರೆವಿನ ರೋಗವನ್ನು ಇದು ತಡೆಯುತ್ತದೆಂದು ಹೇಳುವಂತಿಲ್ಲ. ಆದರೆ ಮನಸ್ಸನ್ನು ದುಡಿಸುವ, ಜನರೊಡನೆ ಬೆರೆಸುವ ಹವ್ಯಾಸಗಳನ್ನು ವೈದ್ಯರು ವೃದ್ಧಾಪ್ಯದಲ್ಲಿ ಪ್ರೋತ್ಸಾಹಿಸುತ್ತಾರೆಂಬುದು ಸತ್ಯ.

ಆದರೂ ಇದು ನಡಿಗೆಗೆ ಬದಲಿಯಲ್ಲ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳಗಿನ ನಡಿಗೆ ಮುಗಿಸಿ ಬಂದವನಿಗೆ ಮಾತ್ರ ಸಂಜೆಯ ರೈಲು ಎಂಬ ನಿಯಮ ಮನೆಯಲ್ಲಿದ್ದರೆ ಒಳ್ಳೆಯದು. ಅರ್ಧ ಗಂಟೆಗೊಮ್ಮೆ ಎದ್ದು ನಿಂತು, ಕಿಟಕಿಯಾಚೆ ದೂರದ ವಸ್ತುವನ್ನು ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಬೇಕು. ನಲವತ್ತು ದಾಟಿದವರಿಗೆ ಹತ್ತಿರದ ದೃಷ್ಟಿ ಮಂದವಾಗುವುದು ಸ್ವಾಭಾವಿಕ. ಸರಿಯಾದ ಕನ್ನಡಕವೂ ಪ್ರಖರವಾದ ಮೇಜುದೀಪವೂ ಇಲ್ಲದೆ ಸೂಕ್ಷ್ಮ ಕೆಲಸಕ್ಕೆ ಕೂರಬಾರದು.

ಎಚ್ಚರಿಕೆಗಳು

ಬೆಸುಗೆಯ ಕೆಲಸದಲ್ಲಿ ಜಾಗರೂಕತೆ ಅತ್ಯವಶ್ಯ. ಸಾಮಾನ್ಯ ಬೆಸುಗೆಯ ತಂತಿಯಲ್ಲಿ ತವರದೊಡನೆ ಸೀಸವೂ ಇರುತ್ತದೆ. ಸೀಸದ ಸಂಪರ್ಕದಲ್ಲಿ ಸುರಕ್ಷಿತವೆಂದು ಹೇಳಬಹುದಾದ ಮಟ್ಟವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಮಕ್ಕಳಿಗೂ ಗರ್ಭಿಣಿಯರಿಗೂ ಅದು ವಿಶೇಷವಾಗಿ ಹಾನಿಕರ. ಸೀಸರಹಿತ ತಂತಿಯೂ ದೊರೆಯುತ್ತದೆ. ಬೆಸೆಯುವಾಗ ಏಳುವ ಹೊಗೆ ಮುಖ್ಯವಾಗಿ ರಾಳದ್ದು; ಉಬ್ಬಸದವರಿಗೆ ಅದು ಕೆಡುಕು. ಕಿಟಕಿ ತೆರೆದಿರಬೇಕು, ಆ ಮೇಜಿನ ಬಳಿ ಕಾಫಿ, ತಿಂಡಿ ತರಬಾರದು, ಕೆಲಸ ಮುಗಿದೊಡನೆ ಸಾಬೂನಿನಿಂದ ಕೈ ತೊಳೆಯಬೇಕು. ಬೆಟ್ಟ ಮಾಡುವಾಗ ಪ್ಲಾಸ್ಟರನ್ನು ಉಜ್ಜುವವರು ಮೂಗಿಗೆ ಮುಸುಕು ಕಟ್ಟಿಕೊಳ್ಳಬೇಕು. ಮಧುಮೇಹವಿದ್ದವರು ಕಾದ ಕಬ್ಬಿಣದ ಸುಟ್ಟಗಾಯವನ್ನು ಚಿಕ್ಕದೆಂದು ಅಲಕ್ಷಿಸಬಾರದು.

ಹಳಿಯಲ್ಲಿರುವ 12 ವೋಲ್ಟಿನಿಂದ ಭಯವಿಲ್ಲ. ಗೋಡೆಯ 230 ವೋಲ್ಟಿನಿಂದ ಇದೆ. ಟ್ರಾನ್ಸ್‌ಫಾರ್ಮರನ್ನು ಮನೆಯಲ್ಲೇ ಕಟ್ಟುವ ಸಾಹಸ ಬೇಡ. ಪ್ರಮಾಣಿತವಾದುದನ್ನು ಕೊಂಡು, ಮಲಗುವ ಮುನ್ನ ಸ್ವಿಚ್ಚನ್ನು ಗೋಡೆಯಲ್ಲೇ ಆರಿಸಬೇಕು. ಡಿಸಿಸಿಯಲ್ಲಿ ಹಳಿಗಳು ತಾಕಿ ಶಾರ್ಟ್ ಆದರೆ ಹರಿಯುವ ವಿದ್ಯುತ್ತು ಪ್ಲಾಸ್ಟಿಕ್ಕನ್ನು ಕರಗಿಸಬಲ್ಲದು. ತಾನೇ ಕಡಿದುಕೊಳ್ಳುವ ಬ್ರೇಕರ್ ಇರಲೇಬೇಕು.

ಎಲ್ಲಕ್ಕಿಂತ ಮಿಗಿಲಾದ ಎಚ್ಚರಿಕೆ ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ. ಗುಂಡಿಯಾಕಾರದ ಬ್ಯಾಟರಿಯನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಗಂಭೀರ ಸುಟ್ಟಗಾಯವಾಗಬಹುದು. ಒಂದಕ್ಕಿಂತ ಹೆಚ್ಚು ಪುಟ್ಟ ಅಯಸ್ಕಾಂತಗಳು ಹೊಟ್ಟೆ ಸೇರಿದರೆ ಕರುಳಿನ ಸುರುಳಿಗಳ ನಡುವೆ ಒಂದನ್ನೊಂದು ಸೆಳೆದು ರಂಧ್ರ ಮಾಡಬಹುದು. ಇಂಥ ಶಂಕೆ ಬಂದರೆ ಮನೆಮದ್ದಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಬಿಡಿಭಾಗಗಳೆಲ್ಲ ಬೀಗವಿರುವ ಡಬ್ಬಿಯಲ್ಲಿರಲಿ.

ಮುಂದೆ ಯಾರು?

ಈ ಹವ್ಯಾಸವನ್ನು ಕೈಗೊಂಡವರೆಲ್ಲ ಒಂದು ಪ್ರಶ್ನೆಗೆ ಉತ್ತರ ಹುಡುಕಬೇಕು. ಕೈ ನಡುಗತೊಡಗಿದ ದಿನ, ಇಲ್ಲವೇ ಕೈಯೇ ಇಲ್ಲದ ದಿನ, ಈ ರೈಲು ನಡೆಸುವವರು ಯಾರು? ಬ್ಯಾಂಕಿನ ಠೇವಣಿಗೆ ನಾಮಿನಿಯನ್ನು ಬರೆಯುವ ನಾವು ಪ್ರೀತಿಯಿಂದ ಕಟ್ಟಿದ ವಸ್ತುಗಳಿಗೆ ಬರೆಯುವುದಿಲ್ಲ. ಮೊಮ್ಮಗುವಿಗೆ ರೈಲನ್ನು ಓಡಿಸಲು ಮಾತ್ರ ಕೊಟ್ಟರೆ ಒಂದು ತಿಂಗಳಲ್ಲಿ ಅದರ ಕುತೂಹಲ ಇಳಿಯುತ್ತದೆ. ಹಳಿ ಒರೆಸುವ ಬಟ್ಟೆಯನ್ನೂ, ಲೆಕ್ಕಪುಸ್ತಕದ ಒಂದು ಪುಟವನ್ನೂ, ಒಂದು ನಿಲ್ದಾಣದ ಪೂರ್ಣ ಹೊಣೆಯನ್ನೂ ಕೊಟ್ಟರೆ ಅದು ತನ್ನದಾಗುತ್ತದೆ. ಮನೆಯಲ್ಲಿ ಆಸಕ್ತರಿಲ್ಲದಿದ್ದರೆ ನೆರೆಯ ಶಾಲೆಗೆ, ನಮ್ಮ ಸಂಘದ ಕೊಠಡಿಗೆ ಅದನ್ನು ಕೈಯಾರೆ ಒಪ್ಪಿಸಿ, ನಡೆಸುವ ಕ್ರಮವನ್ನು ಕಲಿಸಿಕೊಡುವುದು ಉತ್ತಮ. ಅದನ್ನು ಕಣ್ಣು ಚೆನ್ನಾಗಿರುವಾಗಲೇ ಮಾಡಬೇಕು.

ವೇರೂಳಿನ ಬಂಡೆಗೆ ನಿರ್ವಹಣೆ ಇಲ್ಲದೆಯೂ ಸಾವಿರ ವರ್ಷ ನಿಲ್ಲುವ ಶಕ್ತಿಯಿತ್ತು. ಪ್ಲೈವುಡ್ಡಿನ ಹಲಗೆಗೂ ಮನುಷ್ಯನ ದೇಹಕ್ಕೂ ಆ ಶಕ್ತಿಯಿಲ್ಲ. ಎರಡಕ್ಕೂ ದಿನಕ್ಕೆ ಹತ್ತು ನಿಮಿಷದ ಆರೈಕೆ ಬೇಕು. ಆರೈಕೆ ಮಾಡುವ ವಿದ್ಯೆ ತಿಳಿದ ಇನ್ನೊಬ್ಬರು ಮನೆಯಲ್ಲಿರಬೇಕು. ರಜೆಯ ಒಂದು ಭಾನುವಾರ ಮಕ್ಕಳೊಡನೆ ಪುಣೆಯ ಸಂಗ್ರಹಾಲಯವನ್ನು ನೋಡಿಬಂದು, ಮನೆಗೆ ಮರಳಿದ ಮೇಲೆ ಗೋಡೆಯುದ್ದಕ್ಕೂ ಅಳತೆಯ ಟೇಪು ಹಿಡಿಯುವುದರಿಂದ ಆಸಕ್ತರು ಈ ಕಾರ್ಯವನ್ನು ಆರಂಭಿಸಬಹುದು.